ಗೆಳತಿಯ ಅತ್ತೆ ಓಡಿಸಿದ ಓಟ

ಹಿಡಿದ ಕೆಲಸ ಯಾವುದನ್ನೂ ಮುಗಿಸಿದವಳಲ್ಲ ನಾನು. ತಮ್ಮನಿಗೆಂದು ಹೆಣೆಯಲು ಹಿಡಿದ ಸ್ವೆಟರ್ ಒಂದು ತೋಳಿಗೇ ನಿಂತಿತು. ಟೈಪಿಂಗ್ ಕ್ಲಾಸು ಒಂದೇ ವಾರಕ್ಕೆ ಸಾಕಾಯಿತು. ಹೀಗಿರುವಾಗ, ಚಳಿಗಾಲಕ್ಕೆ ಹುಬ್ಬಳ್ಳಿಯಲ್ಲಿ ನಲವತ್ತೆರಡು ಕಿಲೋಮೀಟರಿನ ಓಟ ಇದೆಯೆಂದು ಕೇಳಿ ನಾವು ಮೂವರು ಗೆಳತಿಯರು ಹೆಸರು ಕೊಟ್ಟೆವು. ಇದೊಂದನ್ನಾದರೂ ಮುಗಿಸಲೇಬೇಕೆಂದು ನಾನು ಹಟ ಹಿಡಿದೆ. ಮನೆಯಲ್ಲಿ ಎಲ್ಲರೂ ನಕ್ಕರು.

ಆಗ ಬೈಲಹೊಂಗಲದಲ್ಲಿ ಹೆಂಗಸರು ಓಡುತ್ತಿದ್ದುದು ಬಸ್ಸು ತಪ್ಪುವಾಗ ಮಾತ್ರ. ನಮ್ಮಲ್ಲೊಬ್ಬಳು ಬಟ್ಟೆ ಹೊಲಿಯುವವಳು, ಬೆಳಗಿನ ನಮಾಜು ಮುಗಿಸಿಕೊಂಡು ಓಟದ ಅಭ್ಯಾಸಕ್ಕೆ ಬರುತ್ತಿದ್ದಳು. ಉಳಿದ ಅಸ್ತರಿನ ಬಟ್ಟೆಯಲ್ಲಿ ಮೂವರಿಗೂ ಪಾಯಿಜಾಮ ಹೊಲಿದಳು. ಗಾಳಿ ಹೊಕ್ಕರೆ ನಮಗಿಂತ ಮೊದಲು ಅವೇ ಹೊರಡುತ್ತಿದ್ದವು. ಇನ್ನೊಬ್ಬಳು ನಾನು ಕಲಿಸುವ ಶಾಲೆಯಲ್ಲೇ ಟೀಚರು. ನಮ್ಮ ಓಟ ಸಾಗುತ್ತಿದ್ದುದು ಅವಳಿಂದ, ಸರಿಯಾಗಿ ಹೇಳಬೇಕೆಂದರೆ ಅವಳ ಅತ್ತೆಯಿಂದ.

ಸಂಗೊಳ್ಳಿ ರಸ್ತೆಯ ಪೆಟ್ರೋಲ್ ಪಂಪು ದಾಟಿದ ಮೇಲೆಯೇ ಅವಳು ಅತ್ತೆಯ ಸುದ್ದಿ ತೆಗೆಯುತ್ತಿದ್ದಳು. ಅತ್ತೆ ತುಪ್ಪದ ಡಬ್ಬಿ ಬಚ್ಚಿಟ್ಟು, ಬಚ್ಚಿಟ್ಟ ಜಾಗ ಮರೆತು, ಬೆಕ್ಕಿನ ಮೇಲೆ ಹೊರಿಸಿದ್ದು. ಮಿಕ್ಸರಿನ ಮೇಲೆ ಮುನಿಸಿಕೊಂಡು ಒರಳಲ್ಲಿ ಶೇಂಗಾ ಚಟ್ನಿ ಕುಟ್ಟಿ, ಕೈನೋವೆಂದು ಓಣಿಗೆಲ್ಲ ಸಾರಿದ್ದು. ನಾವು ನಿಂತರೆ ಅವಳ ಬಾಯಿಯೂ ನಿಲ್ಲುತ್ತಿತ್ತು. ಬೆಕ್ಕಿಗೆ ಏಟು ಬಿತ್ತೋ ಇಲ್ಲವೋ ಎಂದು ತಿಳಿಯಲು ನಾನು ಇಡೀ ಒಂದು ದಿಬ್ಬ ಹತ್ತಿ ಇಳಿದದ್ದಿದೆ.

ಅಷ್ಟರಲ್ಲಿ ರಾಮದುರ್ಗದಲ್ಲಿ ಆ ಅತ್ತೆಯ ಅಳಿಯ ಕಾಲು ಮುರಿದುಕೊಂಡ. ಮಗಳಿಗೆ ಆಸರೆಯಾಗಲು ಅತ್ತೆ ಹೋದರು. ಮನೆಯಲ್ಲಿ ಏನು ಸುದ್ದಿ ಎಂದರೆ ಗೆಳತಿ, ಎಲ್ಲ ಆರಾಮ, ಎನ್ನತೊಡಗಿದಳು. ನನಗೆ ಮೊಣಕಾಲುಗಳಿವೆ ಎಂದು ಗೊತ್ತಾದದ್ದೇ ಆಗ. ನನ್ನ ಅತ್ತೆಯ ಕಥೆ ಹೇಳಿ ನೋಡಿದೆ. ಅವರು ಒಳ್ಳೆಯವರು, ಕಥೆ ಪೆಟ್ರೋಲ್ ಪಂಪಿನವರೆಗೂ ಬಾಳಲಿಲ್ಲ. ಹೊಲಿಯುವವಳ ಅತ್ತೆ ತೀರಿಕೊಂಡಿದ್ದರು, ತೀರಿಕೊಂಡವರನ್ನು ಆಡಿಕೊಳ್ಳಬಾರದೆಂದಳು. ಬರಬರುತ್ತ ಬೆಳಗಾದರೆ ಒಬ್ಬೊಬ್ಬರಿಗೆ ಒಂದೊಂದು ನೆಪ. ಇದೂ ಅರ್ಧಕ್ಕೇ ನಿಲ್ಲುತ್ತದೆಂದು ನನಗೆ ಅಳುವೇ ಬಂತು.

ಕೊನೆಗೆ ಒಂದು ಭಾನುವಾರ, ಅತ್ತೆಯನ್ನು ಕರೆತರಲು ಮೂವರೂ ರಾಮದುರ್ಗಕ್ಕೆ ಹೊರಟೆವು. ನಿಮಗೋಸ್ಕರ ಬರುತ್ತಿದ್ದೇನೆ, ನನಗೇನೂ ಅವಸರವಿಲ್ಲ ಎಂದು ಗೆಳತಿ ದಾರಿಯುದ್ದಕ್ಕೂ ಹೇಳಿದಳು. ಅಳಿಯ ಆಗಲೇ ಕೋಲೂರಿಕೊಂಡು ಅಡ್ಡಾಡುತ್ತಿದ್ದ. ಅತ್ತೆ ಬಾಗಿಲಲ್ಲೇ ಸೊಸೆಯನ್ನು ಮೇಲಿನಿಂದ ಕೆಳಗೆ ನೋಡಿದರು.

"ಎಷ್ಟು ಸೊರಗಿದಿ ನೋಡು. ಬೈಯಾಕ ನಾ ಇಲ್ಲಂತ ಉಣ್ಣೂದ ಬಿಟ್ಟಿಯೇನು?"

ಗೆಳತಿ ಗೊಳೋ ಎಂದು ಅತ್ತಳು. "ಮನಿ ಬಿಕೋ ಅಂತೈತ್ರಿ ಅತ್ತಿ. ಬರ್ರಿ, ಹೋಗೂಣು."

ನಾವಿಬ್ಬರೂ ಬಾಯಿ ತೆರೆದು ನಿಂತೆವು. ಆ ಗಲಿಬಿಲಿಯಲ್ಲಿ ಹೊಲಿಯುವವಳು, ಸುಳ್ಳು ಹೇಳಲು ಬಾರದವಳು, ಹುಬ್ಬಳ್ಳಿಯ ಓಟ, ನಲವತ್ತೆರಡು ಕಿಲೋಮೀಟರು, ತುಪ್ಪದ ಡಬ್ಬಿ, ಬೆಕ್ಕು, ಎಲ್ಲವನ್ನೂ ಒದರಿಬಿಟ್ಟಳು. ಓಟದ ಜೊತೆ ಗೆಳತಿಯ ಸಂಸಾರವೂ ಮುಳುಗಿತು ಎಂದುಕೊಂಡೆ.

ಸೆರಗಿನಿಂದ ಸೊಸೆಯ ಕಣ್ಣು ಒರೆಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. ತಮ್ಮ ಸುದ್ದಿ ನಮ್ಮನ್ನು ಎಲ್ಲಿಯ ತನಕ ಓಡಿಸಿತು ಎಂದು ಕೇಳಿದರು. ಸಂಗೊಳ್ಳಿಯ ತನಕ, ಎಂದೆ ತಲೆ ತಗ್ಗಿಸಿ.

"ಅಷ್ಟಕ್ಕ ಮುಗೀತೇನು?" ಅವರಿಗೆ ನಿಜಕ್ಕೂ ಅವಮಾನವಾಗಿತ್ತು. "ನನ್ನ ಚೀಲ ತಾ. ನಲವತ್ತೆರಡಕ್ಕೂ ಸಾಲೂವಂಗ ಮಾಡತೇನಿ."

ವಾಪಸು ಬರುವಾಗ ಬಸ್ಸು ಸವದತ್ತಿ ಮುಟ್ಟುವಷ್ಟರಲ್ಲಿ ಕಿಟಕಿಯ ಸೀಟಿಗಾಗಿ ಅತ್ತೆ ಸೊಸೆಯ ಜಗಳ ಶುರುವಾಗಿತ್ತು. ಹಿಂದಿನ ಸೀಟಿನಲ್ಲಿದ್ದ ನಾವಿಬ್ಬರೂ ನಾಳೆ ಬೆಳಗಿನ ಓಟಕ್ಕೆ ಉಳಿಯಲಿ ಎಂದು ಕಿವಿ ಮುಚ್ಚಿಕೊಂಡು ಕುಳಿತೆವು.