ತಾವ್ರಿಯನ್ ನನ್ನ ಗಂಡನಿಗೆ ಒಲಿದದ್ದು

ನನ್ನ ಗಂಡ ಓರೆಸ್ಟ್‌ಗೆ ಯಾರ ಮುಂದೆಯೂ ಸುಮ್ಮನೆ ಹಾದುಹೋಗಲು ಬರುವುದಿಲ್ಲ. ಅಂಚೆ ಕಚೇರಿಗೆ ಸ್ಟಾಂಪು ತರಲು ಹೋದವನು ಅಲ್ಲಿ ನಿಂತವರ ಮೊಣಕಾಲು, ಮೊಮ್ಮಕ್ಕಳು, ನಾಯಿಯ ಹಲ್ಲು ಎಲ್ಲವನ್ನೂ ವಿಚಾರಿಸಿ, ಸ್ಟಾಂಪು ಮರೆತು ಬರುತ್ತಾನೆ. ಸಸ್ಕಾಚೆವಾನ್ ಪ್ರಾಂತ್ಯದ ನಮ್ಮ ಪುಟ್ಟ ಊರಿನಲ್ಲಿ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಅಂಗಳದ ಗಡ್ಡೆ ಹದ ಮಾಡುವುದು ಅವನ ಕೆಲಸ. ಚಳಿಗಾಲವಿಡೀ ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ಹಿಂದು ಹಿಂದಕ್ಕೆ ನಡೆಯುತ್ತ ಗಡ್ಡೆಯ ಮೇಲೆ ಹನಿ ಚಿಮುಕಿಸುತ್ತಾನೆ. ಹಾಗೆ ಹಿಮ್ಮುಖ ನಡೆಯುವಾಗಲೂ ಬಾಗಿಲಲ್ಲಿ ಯಾರು ಬಂದರೆಂದು ಅವನಿಗೆ ಗೊತ್ತಾಗುತ್ತದೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಗಾಡಿ ಪ್ಲಗ್ ಮಾಡಿದ್ಯಾ?”

ಇದನ್ನು ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ. ಕಾರಿನ ಮೂತಿಯಿಂದ ನೇತಾಡುವ ಗಿಡ್ಡ ಪ್ಲಗ್ಗನ್ನು ಬೇರೊಂದು ಉದ್ದ ವೈರಿನಿಂದ ಕರೆಂಟಿಗೆ ಸಿಕ್ಕಿಸಿ ಎಂಜಿನ್ ಬೆಚ್ಚಗಿಡದಿದ್ದರೆ ಜನವರಿಯಲ್ಲಿ ಅದು ಕೆಮ್ಮುವುದೂ ಇಲ್ಲ. ಆದರೆ ಓರೆಸ್ಟ್ ಕೇಳಿದರೆ ಮಾತ್ರ, ಈ ಲೋಕದಲ್ಲಿ ನಮ್ಮ ಬಗ್ಗೆ ಇಷ್ಟು ಯೋಚಿಸುವವನು ಇವನೊಬ್ಬನೇ ಅನ್ನಿಸಿಬಿಡುತ್ತದೆ. ನನಗೂ ಅನ್ನಿಸಿತ್ತು. ಆ ಕಥೆಯನ್ನು ಮದುವೆಯಾದಾಗಿನಿಂದ ಸಿಕ್ಕಸಿಕ್ಕವರಿಗೆ ಹೇಳುತ್ತ ಬಂದಿದ್ದೇನೆ. ಕರ್ಲಿಂಗ್ ಪಂದ್ಯ ಮುಗಿದ ರಾತ್ರಿಯ ಕುಣಿತ. ಓರೆಸ್ಟ್ ನೆಟ್ಟಗೆ ನನ್ನ ಬಳಿ ಬಂದು ಗಾಡಿ ವಿಚಾರಿಸಿದ್ದು. ಆಮೇಲೆ ತನ್ನ ಕಾರು ಸ್ಟಾರ್ಟ್ ಆಗುತ್ತಿಲ್ಲವೆಂದು ನೆಪ ಹೂಡಿ ನನ್ನ ಟ್ರಕ್ಕಿನಲ್ಲಿ ಒತ್ತಿಕೊಂಡು ಕುಳಿತದ್ದು. “ಎಂಥಾ ಖದೀಮ ನೋಡಿ!” ಎಂದು ನಾನು ಮುಗಿಸುತ್ತೇನೆ. ಓರೆಸ್ಟ್ ಪಕ್ಕದಲ್ಲಿ ಕೂತು ನಗುತ್ತಾನೆ.

ಈ ಫೆಬ್ರವರಿಯಲ್ಲಿ ಆ ಕಥೆಗೆ ಕುತ್ತು ಬಂತು. ಅದಕ್ಕೆ ಕಾರಣ ತಾವ್ರಿಯನ್.

ತಾವ್ರಿಯನ್ ಒಂದು ವಿಡಿಯೋ ಆಟದವನು. ಚೂಪು ಕಿವಿ, ಬೆಳ್ಳಿ ಕೂದಲು, ಸೊಂಟದಲ್ಲಿ ಕತ್ತಿ, ಭುಜದಲ್ಲಿ ಹಳೆಯ ಗಾಯ. ನಾನು ಕೆಲಸ ಮಾಡುವ ಲೈಬ್ರರಿಗೆ ಆ ಆಟ ಬಂದಾಗ, ಜನರಿಗೆ ಎರವಲು ಕೊಡುವ ಮುನ್ನ ಒಮ್ಮೆ ಪರೀಕ್ಷಿಸುವುದು ನನ್ನ ಕರ್ತವ್ಯವೆಂದು ಮನೆಗೆ ತಂದೆ. ಕರ್ತವ್ಯ ಕ್ರಿಸ್‌ಮಸ್ ದಾಟಿದರೂ ಮುಗಿಯಲಿಲ್ಲ. ಅದರಲ್ಲಿ ನಾವೊಂದು ದಂಡು ಕಟ್ಟಿಕೊಂಡು ಊರೂರು ಅಲೆಯಬೇಕು. ಬಿಡಾರದಲ್ಲಿ ಬೆಂಕಿಯ ಸುತ್ತ ಕೂತು ಜೊತೆಗಾರರನ್ನು ಮಾತಾಡಿಸಬೇಕು. ನಾವು ಏನು ಹೇಳಬಹುದೆಂದು ಟೀವಿಯ ಮೇಲೆ ಮೂರ್ನಾಲ್ಕು ವಾಕ್ಯ ಬರುತ್ತವೆ, ಒಂದನ್ನು ಒತ್ತಬೇಕು. ಒತ್ತಿದ್ದು ಸರಿಯಾದರೆ ಜೊತೆಗಾರ ಒಲಿಯುತ್ತಾನೆ.

ನಾನು ನನ್ನ ಪರವಾಗಿ ಒಬ್ಬ ಸುಂದರಿಯನ್ನು ಮಾಡಿ ಕಳಿಸಿದೆ. ಅವಳ ಸೊಂಟ ತಿದ್ದುವುದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು. ನನ್ನ ಸ್ವಂತ ಸೊಂಟಕ್ಕೆ ನಾನೆಂದೂ ಅಷ್ಟು ಹೊತ್ತು ಕೊಟ್ಟವಳಲ್ಲ. ತಾವ್ರಿಯನ್‌ಗೆ ದ್ರಾಕ್ಷಾರಸ ಕೊಟ್ಟೆ, ಉಂಗುರ ಕೊಟ್ಟೆ. ಅವನ ಅಣ್ಣನ ವೈರಿಯನ್ನು ಹುಡುಕಿ ಕೊಂದೆ. ಇದಕ್ಕಿಂತ ಹೆಚ್ಚಾಗಿ ಒಬ್ಬ ಹೆಂಗಸು ಏನು ಮಾಡಲು ಸಾಧ್ಯ? ಕೊನೆಗೆ ಅವನು ಬೆಂಕಿಯ ಮುಂದೆ ನನ್ನ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: “ನಿನ್ನಂಥ ಗೆಳತಿ ಸಿಕ್ಕಿದ್ದು ನನ್ನ ಪುಣ್ಯ.”

ಬರೀ ಗೆಳತಿಯಂತೆ! ಆ ವಾರ ಲೈಬ್ರರಿಯಲ್ಲಿ ತಡವಾಗಿ ಪುಸ್ತಕ ತಂದವರನ್ನೆಲ್ಲ ನಾನು ಚೆನ್ನಾಗಿ ಬೈದೆ.

ಅಷ್ಟರಲ್ಲಿ ಕರ್ಲಿಂಗ್ ಅಂಗಳದ ಮಂಜುಗಡ್ಡೆ ಕಟ್ಟಿಸುವ ಯಂತ್ರ ಕೆಟ್ಟಿತು. ಬಿಡಿಭಾಗ ದೂರದ ವಿನಿಪೆಗ್ ನಗರದಿಂದ ಬರಬೇಕಿತ್ತು. ಕೆಲಸವಿಲ್ಲದ ಓರೆಸ್ಟ್ ಟೀವಿಯ ಮುಂದೆ ಕೂತು ತಾನೂ ಅದೇ ಆಟವನ್ನು ಮೊದಲಿನಿಂದ ಶುರುಮಾಡಿದ. ತನ್ನ ಪಾತ್ರಕ್ಕೆ ಮೊದಲು ಕಂಡ ಮುಖವನ್ನೇ ಸಾಕೆಂದು ಒಪ್ಪಿಕೊಂಡ: ಬೋಳು ತಲೆ, ಡೊಳ್ಳು ಹೊಟ್ಟೆ, ಮೊಣಕಾಲಿಗೆ ಬರುವ ಗಡ್ಡ. ಸತ್ತುಹೋದ ನಮ್ಮ ನಾಯಿಯ ಹೆಸರನ್ನೇ ಇಟ್ಟ, ರೂಫಸ್. ಆಮೇಲೆ ಅಲ್ಲೂ ಇವನದು ಅದೇ ಕಥೆ. ರಾಕ್ಷಸರು ಊರು ಸುಡುತ್ತಿದ್ದರೂ ಇವನು ಛತ್ರದ ಯಜಮಾನನ ಯೋಗಕ್ಷೇಮ ಕೇಳುತ್ತ ನಿಲ್ಲುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ.

“ಮಾರ್ಲಿಸ್, ಸ್ವಲ್ಪ ಬಾರೇ ಇಲ್ಲಿ. ಇವನಿಗೇನೋ ಆಗಿದೆ.”

ಹೋಗಿ ನೋಡಿದೆ. ರೂಫಸ್‌ನ ಡೊಳ್ಳುಹೊಟ್ಟೆಯ ಮುಂದೆ ತಾವ್ರಿಯನ್ ಮಂಡಿಯೂರಿದ್ದ. ನನ್ನ ತಾವ್ರಿಯನ್! “ದಿನವೂ ನನ್ನ ಭುಜದ ನೋವನ್ನು ವಿಚಾರಿಸುವವನ ಮನಸ್ಸು ನನಗೆ ತಿಳಿಯದೇ?” ಎನ್ನುತ್ತಿದ್ದ. “ನನ್ನ ಬಾಳು ನಿನ್ನದು, ರೂಫಸ್.”

“ಏನು ಮಾಡ್ದೆ ಅವನಿಗೆ?” ಎಂದೆ. ಕೈಯಲ್ಲಿ ಸುಲಿಯುವ ಚಾಕು ಇತ್ತು.

“ದೇವರಾಣೆ ಏನೂ ಮಾಡ್ಲಿಲ್ಲ ಕಣೇ! ಭುಜ ಹೇಗಿದೆಯಪ್ಪಾ ಅಂದೆ. ನೋಯ್ತಿದೆ ಅಂದ. ಬಿಸಿನೀರಿನ ಚೀಲ ಇಟ್ಕೋ ಅನ್ನೋಣ ಅಂದ್ರೆ ಆ ಮಾತೇ ಇರ್ಲಿಲ್ಲ. ಅದಕ್ಕೆ ಹತ್ತಿರದ್ದು ಯಾವ್ದೋ ಒತ್ತಿದೆ.”

“ಯಾವ್ದು?”

“‘ನಾನು ನೀವಿಕೊಡಲೇ’ ಅಂತಿತ್ತು.”

“ಪಕ್ಕದಲ್ಲಿ ಕೆಂಪಗೆ ಒಂದು ಹೃದಯ ಇರ್ಲಿಲ್ವಾ?”

“ಇತ್ತು. ಆರೋಗ್ಯದ ಮಾತು ಅಂತ ಗುರುತು ಹಾಕಿದ್ದಾರೆ ಅಂದ್ಕೊಂಡೆ. ಕೈಗೆ ಸಿಕ್ಕಿದ ಹೃದಯ ಎಲ್ಲಾ ಒತ್ತಿದೀನಿ. ಅಗೋ, ಆ ಮರದ ಹಿಂದೆ ಗಾಯಕ್ಕೆ ಮದ್ದು ಹಾಕೋ ಹೆಂಗಸು ನಿಂತಿದ್ದಾಳಲ್ಲ, ಅವಳ ಹತ್ರಾನೂ ಒತ್ತಿದ್ದೆ, ಈಗ ನನ್ನ ಮೇಲೆ ಮುನಿಸ್ಕೊಂಡಿದ್ದಾಳೆ.”

ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ. ನಾನು ಕೊಲೆ ಮಾಡಿ ಗಳಿಸಲಾಗದ ಗಂಡಸನ್ನು ಇವನು ಭುಜ ವಿಚಾರಿಸಿ ಗಳಿಸಿದ್ದ. ಇತ್ತ ನನ್ನ ಗಂಡನ ಮುಂದೆ ಪರಪುರುಷನೊಬ್ಬ ಮಂಡಿಯೂರಿದ್ದ.

“ಬರೀ ಸ್ನೇಹ ಅಂತ ಹೇಳಿ ಮುಗಿಸು.”

“ಮಂಡಿ ಊರಿದ್ದಾನೆ ಪಾಪ. ಮುಖ ನೋಡ್ಕೊಂಡು ಹೇಗೆ ಹೇಳ್ಲಿ?”

ಆಗ ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಇವೆಟ್. ಗಂಡ ತೀರಿಕೊಂಡ ಮೇಲೆ ತಿಂಗಳುಗಟ್ಟಲೆ ಕಸ ಹಾಕಲೂ ಆಚೆ ಬರದಿದ್ದವಳು, ಈಗ ತುಟಿಗೆ ಬಣ್ಣ ಹಚ್ಚಿಕೊಂಡು, ಕೈಯಲ್ಲಿ ಹಣ್ಣಿನ ಪೈ ಹಿಡಿದು ನಿಂತಿದ್ದಳು.

“ಓರೆಸ್ಟ್ ಇದ್ದಾನಾ? ದಿನಾ ಬೆಳಿಗ್ಗೆ ನನ್ನ ಗಾಡಿ ವಿಚಾರಿಸ್ಕೋತಾನಲ್ಲ, ಬರಿಗೈಲಿ ಬರೋಕೆ ಮನಸ್ಸಾಗ್ಲಿಲ್ಲ. ಆ ಕಿತ್ತಳೆ ಬಣ್ಣದ ವೈರು ಕೊಟ್ಟ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿದೆ. ನೀನು ಅದೃಷ್ಟವಂತೆ ಕಣೇ ಮಾರ್ಲಿಸ್.”

ಹೇಳುತ್ತಿದ್ದುದು ನನಗೆ, ನೋಡುತ್ತಿದ್ದುದು ನನ್ನ ಭುಜದ ಆಚೆಗೆ. ಆ ನೋಟ ನನಗೆ ಹೊಸದಲ್ಲ. ಟೀವಿಯಲ್ಲಿ ಮಂಡಿಯೂರಿದವನ ಮುಖದಲ್ಲಿ ಅದೇ ಇತ್ತು. ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋದಲ್ಲಿ, ನನ್ನ ಮುಖದಲ್ಲೂ ಅದೇ ಇತ್ತು.

ಇವೆಟ್ ಹೋದ ಮೇಲೆ ಪೈಯನ್ನು ಮೇಜಿನ ಮೇಲೆ ಕುಕ್ಕಿದೆ.

“ನಮ್ಮಪ್ಪನ ಕಿತ್ತಳೆ ವೈರು ತಗೊಂಡು ಹೋಗಿ ಅವಳಿಗೆ ಕೊಟ್ಯಾ?”

“ಗಟ್ಟಿಯಾಗಿದ್ದದ್ದು ಅದೊಂದೇ. ಆಮೇಲೆ, ಅದು ನಿಮ್ಮಪ್ಪಂದಲ್ಲ.”

“ಅಪ್ಪ ನಂಗೆ ಕೊಟ್ಟ ಟ್ರಕ್ಕಲ್ಲಿತ್ತು. ಇನ್ಯಾರದು?”

ಓರೆಸ್ಟ್‌ನ ಕಿವಿ ಕೆಂಪಾಯಿತು. “ನಂದು. ಆ ಕುಣಿತದ ರಾತ್ರಿ ನಿನ್ನ ಗಾಡಿ ಪ್ಲಗ್ ಮಾಡಿದ್ಯಾ ಅಂದೆ, ಹೂಂ ಅಂದೆ ನೀನು. ಆಚೆ ಹೋದ್ರೆ ನಿನ್ನ ಟ್ರಕ್ಕಿಗೆ ವೈರೇ ಇರ್ಲಿಲ್ಲ. ನಂದು ಕಿತ್ತು ನಿಂಗೆ ಹಾಕ್ದೆ. ನೀನು ಹೊರಡೋವಾಗ ನಾನೇ ಬಿಚ್ಚಿ ಟ್ರಕ್ಕಿನ ಹಿಂಭಾಗಕ್ಕೆ ಎಸೆದೆ.”

“ಹಾಗಾದ್ರೆ ನಿನ್ನ ಕಾರು...”

“ನಿಜವಾಗ್ಲೂ ಸತ್ತಿತ್ತು ಕಣೇ. ನೆಪ ಎಲ್ಲಿಂದ ಬಂತು? ಹೆಪ್ಪುಗಟ್ಟಿ ಹೋಗಿತ್ತು.”

“ಇಷ್ಟು ವರ್ಷ ನಾನು ಕಥೆ ಹೇಳ್ತಿದ್ರೆ ಸುಮ್ನೆ ನಗ್ತಿದ್ದೆಯಲ್ಲೋ!”

“ಅಷ್ಟು ಖುಷಿಯಾಗಿ ಹೇಳ್ತಿರ್ತೀಯ. ನಡುವೆ ಬಾಯಿ ಯಾಕೆ ಹಾಕ್ಲಿ ಅಂತ.”

ನಾನು ಕುರ್ಚಿಯಲ್ಲಿ ಕುಳಿತೆ. ಇಷ್ಟು ಕಾಲ ಖದೀಮನೊಬ್ಬನ ಹೆಂಡತಿ ಎಂದು ಬೀಗಿದವಳು, ಒಳ್ಳೆಯವನೊಬ್ಬನ ದಾರಿಗೆ ಸಿಕ್ಕ ಟ್ರಕ್ ಮಾತ್ರವೇ? ನಾನೂ ಪೈ ತಂದವಳೇ. ತುಟಿಗೆ ಬಣ್ಣ ಹಚ್ಚಿ, ಆ ಕುಣಿತದ ಮುಂದಿನ ವಾರವೇ ಇವನಿಗೆಂದು ತಂದಿದ್ದೆ.

“ಅವತ್ತು ಇನ್ನೂ ಎಷ್ಟು ಜನರನ್ನ ಗಾಡಿ ಬಗ್ಗೆ ಕೇಳ್ದೆ?”

“ಎಲ್ಲರನ್ನೂ.”

“ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೂ ವೈರು ಕೊಡ್ತಿದ್ದೆ ಅಲ್ವಾ? ನಿಜ ಹೇಳು.”

ಸುಳ್ಳು ಹೇಳಬಾರದೇ ಈ ಮನುಷ್ಯ? ಹೇಳಲಿಲ್ಲ. ತಲೆ ಕೆರೆದುಕೊಂಡು ಯೋಚಿಸಿದ. ಟೀವಿಯಲ್ಲಿ ತಾವ್ರಿಯನ್ ಕೂಡ ಉತ್ತರಕ್ಕೆ ಕಾಯುತ್ತಿದ್ದ.

“ಕೊಡ್ತಿದ್ದೆ,” ಎಂದ ಓರೆಸ್ಟ್. “ಆದ್ರೆ ಮಾರನೇ ದಿನ ವಾಪಸ್ ಕೇಳ್ತಿದ್ದೆ. ಒಳ್ಳೇ ವೈರು ಅದು. ನಿನ್ನ ಹತ್ರ ಕೇಳೋಕೆ ಅಂತ ಮೂರು ಸಲ ಮನೆವರೆಗೂ ಬಂದೆ. ಕೇಳಿಬಿಟ್ರೆ ನಾಲ್ಕನೇ ಸಲ ಬರೋಕೆ ನೆಪ ಇರ್ತಿರ್ಲಿಲ್ಲ.”

ಇವನು ಖದೀಮನೇ, ಆದದ್ದು ಮಾತ್ರ ಸ್ವಲ್ಪ ತಡವಾಗಿ. ಆಲೂಗಡ್ಡೆಯ ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಒರೆಸುವಾಗಲೇ ಇನ್ನೊಂದು ವಿಷಯ ಹೊಳೆಯಿತು.

“ಇವೆಟ್ ಹತ್ರ ವೈರು ವಾಪಸ್ ಕೇಳಿದ್ಯಾ?”

“ಈ ಚಳೀಲಿ ಹೇಗೆ ಕೇಳ್ಲಿ? ಮಾರ್ಚ್ ಕಳೀಲಿ.”

“ಅಂಗಡೀಲಿ ಹೊಸ ವೈರು ಸಿಗತ್ತೆ. ತಗೊಂಡು ಹೋಗಿ ಅವಳಿಗೆ ಕೊಡು. ಅದನ್ನ ತಗೊಂಡು ಬಾ. ಈಗ್ಲೇ.”

“ಆಟ ನಡೀತಿದೆಯಲ್ಲೇ.”

“ಆಟ ನಾನು ನೋಡ್ಕೋತೀನಿ.”

ಅವನು ಬೂಟು ಹಾಕಿಕೊಂಡು ಹೊರಟ. ನಾನು ತಾವ್ರಿಯನ್‌ನ ಮುಂದೆ ಕೂತೆ. ನಾಲ್ಕು ವಾಕ್ಯಗಳಿದ್ದವು, ಎರಡರ ಪಕ್ಕದಲ್ಲಿ ಹೃದಯ. ಕೊನೆಯದು ನನಗೆ ಪರಿಚಿತವಾದದ್ದು: “ನಿನ್ನಂಥ ಗೆಳೆಯ ಸಿಕ್ಕಿದ್ದು ನನ್ನ ಪುಣ್ಯ.” ಹೆಬ್ಬೆರಳಿನಿಂದ ಅದನ್ನು ಒತ್ತಿದಾಗ ಸಿಕ್ಕ ತೃಪ್ತಿ ಆ ಸುಂದರಿಯ ಸೊಂಟ ತಿದ್ದುವಾಗಲೂ ಸಿಕ್ಕಿರಲಿಲ್ಲ.

ಬಹಳ ಹೊತ್ತಾದರೂ ಓರೆಸ್ಟ್ ಬರಲಿಲ್ಲ. ಕಿಟಕಿಗೆ ಹೋಗಿ ನೋಡಿದೆ. ಇವೆಟ್‌ಳ ಮೆಟ್ಟಿಲ ಬಳಿ ನಿಂತಿದ್ದ. ಕಿತ್ತಳೆ ವೈರು ಸುರುಳಿಯಾಗಿ ಹೆಗಲ ಮೇಲಿತ್ತು. ಹಾಗಾದರೆ ಹೊರಡಬೇಕು ತಾನೇ? ಅವಳು ತನ್ನ ಮೊಣಕೈ ತೋರಿಸಿ ಏನೋ ಹೇಳುತ್ತಿದ್ದಳು. ಇವನು ಬಗ್ಗಿ ನೋಡುತ್ತಿದ್ದ. ಬಾಯಿಂದ ಬಿಳಿ ಹಬೆ ಬರುತ್ತಿತ್ತು, ಅಂದರೆ ಏನೋ ವಿಚಾರಿಸುತ್ತಿದ್ದ.

ನಾನು ಕಿಟಕಿಯನ್ನು ಜೋರಾಗಿ ಬಡಿದೆ.