ಅಂಗಳದ ದೋಣಿಗೆ ನೀರು

ಬೋನಾಳದ ನಮ್ಮ ಪಕ್ಕದ ಮನೆಯವನು ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಬೇಸಿಗೆಯಲ್ಲಿ ಕೆರೆ ಹಿಂದೆ ಸರಿದಾಗ ತನ್ನ ಮರದ ದೋಣಿಯನ್ನು ಅಂಗಳದ ಬೇವಿನ ನೆರಳಿಗೆ ಎಳೆದು ತರುತ್ತಿದ್ದ. ಹಲಗೆ ಒಣಗಿ ಬಿರುಕು ಬಿಡದಂತೆ ದಿನಾ ನೀರು ಹೊಯ್ದು ಅಂಗೈಯಿಂದ ಸವರುತ್ತಿದ್ದ. ಯಾರು ಕೇಳಿದರೂ ಒಂದೇ ಮಾತು: "ಕುಡೀಲಿ ಬಿಡ್ರಿ."

ಒಂದು ಬೇಸಿಗೆ ನಳದ ನೀರು ನಿಂತು ಊರಿಗೆ ಟ್ಯಾಂಕರ್ ಬಂತು. ಅವನು ಕೊಡ ಎತ್ತಿಕೊಂಡು ದೋಣಿಯತ್ತ ನಡೆದಾಗ ಹೆಂಡತಿ ಅಡ್ಡ ನಿಂತಳು.

"ಮಕ್ಕಳ ಮೈಗೆ ನೀರಿಲ್ಲ. ನೀವು ಕಟಗಿಗಿ ಸುರ್ಯಾಕತ್ತೀರಿ?"

"ಈಗ ಕುಡೀಲಿಲ್ಲಂದ್ರ ಮಳಿಗಾಲದಾಗ ನಮ್ಮನ್ನ ಕೂಡಿಸ್ಕೊಂಡು ಕುಡೀತೈತಿ" ಎಂದ.

ಅವಳು ಕೊಡ ಕಸಿದುಕೊಂಡಳು. ಮಕ್ಕಳನ್ನು ದೋಣಿಯೊಳಗೆ ಕೂಡಿಸಿ, ಅಲ್ಲೇ ತಲೆಗೆ ನೀರೆರೆದಳು. ಬೇಸಿಗೆ ಮುಗಿಯುವವರೆಗೂ ಮಕ್ಕಳ ಸ್ನಾನ ಅಲ್ಲೇ ಆಯಿತು.

ಆ ಮಳೆಗಾಲ ದೋಣಿ ಸೋರಲಿಲ್ಲ. ಹತ್ತಿದವರಿಗೆ ಮಾತ್ರ ಮೀನಿನ ಜೊತೆ ಸಾಬೂನಿನ ವಾಸನೆಯೂ ಬರುತ್ತಿತ್ತು.