ಎಡೆಗೆ ಇಟ್ಟ ಮುದ್ದೆ

ತಿಥಿಯ ಎಡೆಗೆ ಮುದ್ದೆ ಬೇಡ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ತಿರುವಿದ ಮುದ್ದೆಯ ಗಂಟು ಸಿಕ್ಕಿಕೊಂಡೇ ನನ್ನ ಗಂಡ ಹೋದರು ಎಂಬ ಮಾತು ಕೈಲಾಂಚದ ನಮ್ಮ ಬೀದಿಯಲ್ಲಿ ಆಗಲೇ ಬೇರೂರಿತ್ತು. ಅದನ್ನು ಮೊದಲು ಆಡಿದವರು ನನ್ನ ಅತ್ತೆ. ನಾನು ಅದನ್ನು ಒಪ್ಪಲಿಲ್ಲ. ಈಗಲೂ ಒಪ್ಪುವುದಿಲ್ಲ.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅಗಿಯುವವರನ್ನು ಕಂಡರೆ ನಗುತ್ತೇವೆ. ಹಾಗಾಗಿ ತುತ್ತು ಇಳಿಯದಿದ್ದರೆ ತಪ್ಪು ನುಂಗಿದವರದ್ದಲ್ಲ, ತಿರುವಿದವಳದ್ದು.

ನನ್ನ ಗಂಡ ಆಗ ಹಿಪ್ಪುನೇರಳೆ ತೋಟದ ಕೆಲಸ ಬಿಟ್ಟು, ಹೆದ್ದಾರಿ ಪಕ್ಕ ಹೊಸದಾಗಿ ಎದ್ದಿದ್ದ ಕಾರ್ಖಾನೆಗೆ ಹೋಗುತ್ತಿದ್ದರು. ಕ್ಯಾಂಟೀನಿನ ಅನ್ನ ಊಟವೇ ಅಲ್ಲ ಎಂದು, ಶಿಫ್ಟ್ ಮುಗಿಸಿ ಬಂದು ಮುದ್ದೆಗೆ ಕೂರುತ್ತಿದ್ದರು. ಒಂದು ಸಂಜೆ ಎರಡನೆಯ ತುತ್ತಿಗೇ ಕೈ ನಿಲ್ಲಿಸಿ, ಎದೆಯ ನಡುವೆ ಬೆರಳಿಟ್ಟು, "ಇಲ್ಲಿ ನಿಂತ್ಕೊಂಡೈತೆ" ಎಂದರು. ಅತ್ತೆ ಗಂಟಲು ನೀವಿದರು. ಮೀನಿನ ಮುಳ್ಳು ಸಿಕ್ಕಿದಾಗ ಮಾಡುವಂತೆ, ಸಾರಿಲ್ಲದ ಒಣ ಮುದ್ದೆ ನುಂಗಿಸಿದರು. ಅದೂ ವಾಪಸು ಬಂತು.

"ಎಸ್ರು ಕುದಿಯೋಕ್ಮುಂಚೆನೇ ಹಿಟ್ಟು ಸುರಿದ್ಬುಡ್ತೀಯ ಕಣವ್ವ" ಎಂದರು ಅತ್ತೆ, ನನಗೆ.

ನನ್ನ ಮುದ್ದೆಯಲ್ಲಿ ಗಂಟಿರಲಿಲ್ಲ. ಮರುದಿನ ಅತ್ತೆಯೇ ತಿರುವಿದರು. ಅದೂ ಅಲ್ಲೇ ನಿಂತಿತು. ಆಮೇಲೆ ಅನ್ನ ನಿಂತಿತು, ಕೊನೆಗೆ ಗಂಜಿಯೂ ತಡೆದು ತಡೆದು ಇಳಿಯತೊಡಗಿತು. ಮಾತು ಮಾತ್ರ ಬದಲಾಗಲಿಲ್ಲ. ಮೊದಲು ಕೂತ ಗಂಟು ನನ್ನದಂತೆ, ಉಳಿದದ್ದೆಲ್ಲ ಅದರ ಮೇಲೆ ಕೂತದ್ದಂತೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಾಯಿಂದ ಕೊಳವೆ ಇಳಿಸಿ ನೋಡಿದರು. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ನನಗೆ ತಿಳಿಯುವಂತೆ ಹೇಳಿದರು. ಅನ್ನನಾಳ ಗಂಟಲಲ್ಲೇ ಮುಗಿಯುವುದಿಲ್ಲ. ಉಸಿರಿನ ಕೊಳವೆಯ ಹಿಂದೆ, ಬೆನ್ನುಮೂಳೆಯ ಮುಂದೆ ಎದೆಯುದ್ದಕ್ಕೂ ಇಳಿಯುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಮಾಂಸದ ಪರದೆಯ ರಂಧ್ರ ದಾಟಿ, ಎಡಕ್ಕೆ ಹೊರಳಿ ಜಠರ ಸೇರುತ್ತದೆ. ಮುದ್ದೆ ತನ್ನ ಭಾರಕ್ಕೇ ಬೀಳುವುದಿಲ್ಲ, ನಾಳದ ಗೋಡೆ ಅದನ್ನು ಹಿಂಡಿ ಹಿಂಡಿ ಕೆಳಗೆ ತಳ್ಳುತ್ತದೆ. ಆ ಗೋಡೆಯಲ್ಲೇ, ವಪೆಗಿಂತ ಸ್ವಲ್ಪ ಮೇಲೆ, ಗೆಡ್ಡೆ ಬೆಳೆದಿತ್ತು. ಅವರು ಬೆರಳಿಟ್ಟಿದ್ದು ಎದೆಯ ಮೇಲೆ, ನಾವು ನೀವಿದ್ದು ಗಂಟಲನ್ನು.

ಮುದ್ದೆಯಿಂದ ಹೀಗಾಯಿತೇ ಎಂದು ನೇರವಾಗಿಯೇ ಕೇಳಿದೆ.

"ಇಲ್ಲಮ್ಮ. ಇದು ತಿಂಗಳುಗಳಿಂದ ಒಳಗೇ ಬೆಳೆದದ್ದು. ಮುದ್ದೆ ನಿಂತಿದ್ದರಿಂದ ಗೊತ್ತಾಯಿತು, ಅಷ್ಟೆ."

ಕತ್ತರಿಸುವ ಹಂತ ದಾಟಿತ್ತು. ಎಡಪಕ್ಕೆಲುಬಿನ ಕೆಳಗೆ ತೂತು ಮಾಡಿ ಜಠರಕ್ಕೇ ಒಂದು ನಳಿಗೆ ಇಟ್ಟು ಕಳಿಸಿದರು. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಅದರಲ್ಲಿ ಬಿಡುತ್ತಿದ್ದೆ. ಅವರ ಜಠರಕ್ಕೆ ರಾಗಿಯ ಮೇಲೆ ಮುನಿಸಿರಲಿಲ್ಲ. ಗಂಜಿ ಒಳಗಿಳಿದು ಹೊಟ್ಟೆ ಬೆಚ್ಚಗಾದಾಗ, "ಉಪ್ಪು ಹಾಕಿದ್ಯಾ?" ಎಂದು ಕೇಳಿ ತಾವೇ ನಗುತ್ತಿದ್ದರು. ಚಿತ್ರದ ಚೀಟಿಯನ್ನು ಅತ್ತೆಗೆ ತೋರಿಸಿದೆ. ಅವರು ಮುಖ ತಿರುಗಿಸಿಕೊಂಡರು. ಮಗನ ಒಳಗೇ ಹುಟ್ಟಿದ್ದೆಂದು ಒಪ್ಪುವುದಕ್ಕಿಂತ ನನ್ನ ಮುದ್ದೆ ಕೋಲಿನಿಂದ ಬಂದದ್ದೆಂದುಕೊಳ್ಳುವುದೇ ಅವರಿಗೆ ಹಗುರವಾಗಿತ್ತೋ ಏನೋ. ಆದರೆ ಆ ಭಾರ ಹೊರಲು ನಾನು ತಯಾರಿರಲಿಲ್ಲ.

ತಿಥಿಯ ಬೆಳಿಗ್ಗೆ ಒಲೆಯ ಮೇಲೆ ಎಸರಿಟ್ಟೆ. ಅದು ಮರಳುವವರೆಗೆ ಎಲ್ಲರೂ ನೋಡುವಂತೆ ಕಾದು, ಹಿಟ್ಟು ಸುರಿದು, ಕೋಲಿನಿಂದ ತಿರುವಿದೆ. ಅವರಿಗೆ ಇಷ್ಟವಿದ್ದಂತೆ ಗಟ್ಟಿಯಾಗಿಯೇ ಕಟ್ಟಿದೆ. ಯಾರೋ ಬೇಡವೆಂದರು. ನಾನು ಮುದ್ದೆಯನ್ನು ಎಡೆಯ ನಡುವೆ ಇಟ್ಟೆ.

ಪೂಜೆ ಮುಗಿದ ಮೇಲೆ ಎಡೆಯ ಮುದ್ದೆ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ನಾನೇ ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಎಲ್ಲರೆದುರು ನುಂಗಿದೆ. ಅದು ಎದೆಯ ನಡುವೆ ಹಾದು ಕೆಳಗಿಳಿಯುವುದು ನನಗೆ ತಿಳಿಯಿತು. ಉಳಿದದ್ದನ್ನು ಅತ್ತೆಯ ಎಲೆಗೆ ಬಡಿಸಿದೆ. ಅವರು ಅದನ್ನು ಬೆರಳಿನಿಂದ ಒತ್ತಿ, ಗಂಟಿದೆಯೇ ಎಂದು ನೋಡಿದರು. ಆಮೇಲೆ ತುತ್ತು ಮುರಿದರು.

"ಒಸಿ ಸಾರು ಬುಡವ್ವ" ಎಂದರು.